ಒಂದು ಸೆಮಿಸ್ಟರ್ ವಾಸ

ಸೊಸೆ ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಸುಭದ್ರಾ, "ಸಮುದ್ರದ ಇಂಜಿನಿಯರಿಂಗ್‌ನಾಗ ಡಾಕ್ಟರೇಟ್ ಮಾಡಾಕತ್ತಾಳ" ಎಂದು ಠೀವಿಯಿಂದ ಹೇಳಿ, ಎರಡನೆಯ ಪ್ರಶ್ನೆ ಬರುವ ಮೊದಲೇ ಮಾತು ಹೊರಳಿಸಿಬಿಡುತ್ತಿದ್ದಳು. ಎರಡನೆಯ ಪ್ರಶ್ನೆಗೆ ಅವಳ ಹತ್ತಿರವೂ ಉತ್ತರ ಇರಲಿಲ್ಲ. ಬಂಗಾಲಿಗಳ ಊರಾದ ಬಾರಾನಗರದಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಮನೆಯಿಂದ ಎರಡು ಗಲ್ಲಿ ದಾಟಿದರೆ ಗಂಗೆ, ಗಂಗೆಯ ದಂಡೆಗೆ ಒಂದು ತೇಲು ಜೆಟ್ಟಿ, ಅಲ್ಲಿಂದ ಆಚೆ ದಡಕ್ಕೆ ಫೆರಿ. ಅಷ್ಟೆ. ಆ ಜೆಟ್ಟಿಯನ್ನು ಹಿಡಿದಿಟ್ಟ ಸರಪಳಿಗಳಿಗೆ ಸೊಸೆ ನಿಹಾರಿಕಾ ಎಂಥವೋ ಪುಟ್ಟ ಡಬ್ಬಿಗಳನ್ನು ಕಟ್ಟುತ್ತಿದ್ದಳು, ಬಿಚ್ಚುತ್ತಿದ್ದಳು, ಮನೆಗೆ ತಂದು ಕಂಪ್ಯೂಟರಿಗೆ ಹಚ್ಚಿ ಹುಬ್ಬು ಗಂಟಿಕ್ಕಿಕೊಂಡು ಕೂರುತ್ತಿದ್ದಳು. ಹೀಗೆ ಆರು ವರ್ಷ! ಅಷ್ಟರಲ್ಲಿ ಮೊಮ್ಮಗಳು ಮೇಧಾ ಮೂರರಿಂದ ಒಂಬತ್ತಕ್ಕೆ ಬಂದಳು, ಸುಭದ್ರಾಳ ಬಲ ಮೊಣಕಾಲು ಪೂರ್ತಿ ಕೈಕೊಟ್ಟಿತು.

ನಿಹಾರಿಕಾ ಮೈಸೂರಿನ ಹುಡುಗಿ. ಒಳನಾಡು ಜಲಸಾರಿಗೆಯ ಕಚೇರಿಯೊಂದರಲ್ಲಿ ಇಂಜಿನಿಯರ್. ಕೆಲಸ ಮಾಡುತ್ತಲೇ, ರೈಲಿನಲ್ಲಿ ಎರಡೂವರೆ ತಾಸು ದೂರದ ಒಂದು ಸಂಸ್ಥೆಯಲ್ಲಿ ಡಾಕ್ಟರೇಟಿಗೆ ಹೆಸರು ಹಚ್ಚಿದ್ದಳು. ಪ್ರತಿ ಶುಕ್ರವಾರ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಅಲ್ಲಿ ಏನು ಕೇಳುತ್ತಾರೆ, ಇವಳು ಏನು ಕೊಡುತ್ತಾಳೆ ಎಂದು ತಿಳಿದುಕೊಳ್ಳುವ ಆಸೆ ಸುಭದ್ರಾಗೆ ಬಹಳ ಇತ್ತು. ಆದರೆ ಅತ್ತೆಯ ಬಾಯಲ್ಲಿ ಯಾವ ಪ್ರಶ್ನೆ ಬಂದರೂ ಅದು 'ಇನ್ನೂ ಮುಗಿಯಲಿಲ್ಲೇನು?' ಎಂದೇ ಕೇಳಿಸುತ್ತದೆ. ಅದಕ್ಕೇ ಸುಮ್ಮನಿದ್ದಳು.

ಕೆಟ್ಟದ್ದು ಶುರುವಾದದ್ದು ದಸರೆಯ ಪೂಜೋ ರಜೆ ಮುಗಿದ ವಾರ. ಸುಭದ್ರಾಳ ಗಂಡ ಶಂಕರಲಿಂಗ ಮೂವತ್ತಾರು ವರ್ಷ ರೈಲ್ವೆಯ ಎಸ್ಟಾಬ್ಲಿಶ್‌ಮೆಂಟ್ ಸೆಕ್ಷನ್ನಿನಲ್ಲಿ ಕೂತು ಮಂದಿಯ ಬಡ್ತಿ, ವರ್ಗ, ರಜೆಗಳ ಫೈಲು ತಿರುವಿದವನು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಕೈ ಫೈಲಿಗೆ ತಡಕಾಡುತ್ತಿತ್ತು. ಅಂಥವನ ಕೈಗೆ, ಪುಸ್ತಕದ ಕಪಾಟು ಝಾಡಿಸುವಾಗ, ಸೊಸೆಯ ಸಂಸ್ಥೆಯ ನಿಯಮಾವಳಿ ಸಿಕ್ಕಿತು. ನಲವತ್ತೆಂಟು ಪುಟ. ಮನುಷ್ಯ ಮಧ್ಯಾಹ್ನದ ನಿದ್ದೆ ಬಿಟ್ಟ!

"ಏನ ಓದಾಕತ್ತೀರಿ ಅಷ್ಟು ಮಗ್ನ ಆಗಿ?" ಶೇಂಗಾ ಹುರಿಯುತ್ತ ಸುಭದ್ರಾ ಕೇಳಿದಳು.

"ರೂಲ್ಸು. ಭಾಳ ಚಂದ ಬರದಾರ. ನೋಡಿಲ್ಲೆ, ಮೊದಲ ಕೋರ್ಸ್‌ವರ್ಕ್. ಅಂದ್ರ ಕ್ಲಾಸಿಗೆ ಕೂತು ಪರೀಕ್ಷೆ ಪಾಸಾಗಬೇಕು. ಅಲೆಗಳ ಲೆಕ್ಕ, ತೇಲೋ ವಸ್ತುಗಳ ಲೆಕ್ಕ, ಹಿಂಗ. ಆಮ್ಯಾಲೆ ಸಮಗ್ರ ಪರೀಕ್ಷೆ. ಎರಡು ಸಲ ನಪಾಸಾದ್ರ ಮನೀಗೆ. ಆಮ್ಯಾಲೆ ಏನ ಸಂಶೋಧನೆ ಮಾಡ್ತೀನಿ ಅಂತ ಎಲ್ಲಾರ ಮುಂದ ನಿಂತು ಹೇಳಬೇಕು. ವರ್ಷಕ್ಕೊಮ್ಮೆ ಪ್ರಗತಿ ವರದಿ. ಎರಡು ಪೇಪರ್ ಛಾಪಿಸಬೇಕು."

"ಅಬ್ಬಬ್ಬಾ! ಇಷ್ಟೆಲ್ಲಾ ಮಾಡ್ಯಾಳೇನು ಇಕಿ?"

"ಅದನ್ನ ನೋಡಬೇಕಲ್ಲ."

ಎರಡು ದಿನದಲ್ಲಿ ಒಂದು ಹಾಳೆಗೆ ಗೆರೆ ಎಳೆದು ತಯಾರು. ಒಂದು ಕಾಲಮಿನಲ್ಲಿ ನಿಯಮ, ಒಂದರಲ್ಲಿ ಮುಗಿದ ತಾರೀಖು, ಕಡೆಯದರಲ್ಲಿ ಲಿಖಿತ ಪುರಾವೆ. ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಹಾಳೆ ಜುಣಕದ ಬಟ್ಟಲಿನ ಪಕ್ಕ ಬಂತು. ನಿಹಾರಿಕಾ ನಗುತ್ತ ಒಂದೊಂದಕ್ಕೂ ಹೂಂ ಅಂದಳು. ಒಂದು ಮಾತ್ರ ಉಳಿಯಿತು.

"ಇದೊಂದು ಖಾಲಿ ಐತಲ್ಲವಾ. ನೌಕರಿ ಮಾಡ್ತಾ ಓದೋರು ಒಂದು ಸೆಮಿಸ್ಟರ್ ಕ್ಯಾಂಪಸ್ಸಿನ್ಯಾಗ ವಾಸ ಮಾಡಬೇಕು ಅಂತೈತಿ."

"ಅದನ್ನ ಮಜುಂದಾರ್ ಸರ್ ನೋಡ್ಕೋತಾರೆ ಮಾವ. ನಾನು ಜೆಟ್ಟಿ ಮೇಲೆ ಮಾಡಿದ ಕೆಲಸಾನೇ ವಾಸ ಅಂತ ತೋರಿಸ್ತೀನಿ ಅಂದಿದಾರೆ." ಮಜುಂದಾರ್ ಅವಳ ಗೈಡು.

"ಬರದು ಕೊಟ್ಟಾರೇನು?"

"ಇಲ್ಲ. ಹೇಳಿದಾರೆ."

"ಬಾಯಿ ಮಾತಿನ ಮ್ಯಾಲೆ ಡಾಕ್ಟರೇಟ?" ಶಂಕರಲಿಂಗನ ಕೈಯ ತುತ್ತು ತಟ್ಟೆಗೆ ಬಿತ್ತು. "ನಮ್ಮ ಸಾಹೇಬ್ರೊಬ್ರು ನನಗ ಹದಿನಾಕು ತಿಂಗಳು ಮ್ಯಾಲಿನ ಹುದ್ದೆ ಮಾಡಿಸಿದ್ರು. ಬಾಯಿ ಮಾತಿಂದ. ಅವರು ವರ್ಗ ಆಗಿ ಹೋದ ಮ್ಯಾಲೆ ಆ ಹದಿನಾಕು ತಿಂಗಳು ದಫ್ತರದಾಗ ಎಲ್ಲೂ ಇಲ್ಲ. ನನ್ನ ಕೈಕೆಳಗಿನಾಂವ ನನ್ನ ದಾಟಿ ಹೋದ."

"ಅಪ್ಪಾ, ಊಟ ಮಾಡ್ರಿ," ಅಂದ ಮಗ ಚೇತನ. ನ್ಯೂ ಟೌನಿನ ಬ್ಯಾಂಕ್ ಶಾಖೆಯಿಂದ ಎರಡು ಬಸ್ಸು ಬದಲಿಸಿ ಬಂದವನಿಗೆ ಆ ಹದಿನಾಲ್ಕು ತಿಂಗಳ ಕಥೆ ನೂರನೇ ಸಲ ಕೇಳುವ ತಾಳ್ಮೆ ಇರಲಿಲ್ಲ.

ಶಂಕರಲಿಂಗ ಊಟವೇನೋ ಮಾಡಿದ. ಆದರೆ ದೀಪಾವಳಿಯ ಕಾಳಿಪೂಜೆ ಕಳೆದ ಮೇಲೆ ಒಂದು ಸೋಮವಾರ, ಯಾರನ್ನೂ ಒಂದು ಮಾತು ಕೇಳದೆ, ಸಂಸ್ಥೆಯ ಡೀನ್ ಸಾಹೇಬರಿಗೆ ಒಂದು ಅರ್ಜಿ ಬರೆದು ಹಾಕಿಬಿಟ್ಟ. ಸೊಸೆ ನದಿಯ ಮೇಲೆ ಮಾಡಿದ ಕೆಲಸವನ್ನು ವಾಸವೆಂದು ಪರಿಗಣಿಸಿ ಲಿಖಿತ ಆದೇಶ ಹೊರಡಿಸಬೇಕಾಗಿ ವಿನಂತಿ, ಪ್ರತಿ ಗೈಡ್ ಅವರ ಅವಗಾಹನೆಗೆ, ಇಂತಿ ಅಭ್ಯರ್ಥಿಯ ಮಾವ. ರೈಲ್ವೆಯಲ್ಲಿ ಹಾಗೇ ಮಾಡಬೇಕು ಸ್ವಾಮಿ, ಅದೇ ಸರಿ. ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ನಂಬಿದ್ದ. ರಿಜಿಸ್ಟರ್ಡ್ ಪೋಸ್ಟಿನ ರಸೀದಿಯನ್ನು ಜೋಪಾನವಾಗಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡ.

ಮೂರು ವಾರಕ್ಕೆ ಉತ್ತರ ಬಂತು. ನಿಹಾರಿಕಾ ಕಚೇರಿಯಿಂದ ಬಂದವಳು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಳು. ಸುಭದ್ರಾ ಬದನೆಕಾಯಿ ಎಣ್ಣೆಗಾಯಿಯ ಬಾಣಲೆ ಇಳಿಸುತ್ತಿದ್ದಳು. ಸೊಸೆಯ ಮುಖ ನೋಡಿ ಸೌಟು ಕೆಳಗಿಟ್ಟಳು.

"ಮಾವ, ನೀವು ಡೀನ್‌ಗೆ ಪತ್ರ ಬರೆದ್ರಾ?"

"ಬರದೆ. ಆದೇಶ ಬಂತೇನು?"

"ಬಂತು. ಮೊದಲೇ ಲಿಖಿತ ಅನುಮತಿ ಇಲ್ಲದೇ ಮಾಡಿದ ನದಿ ಕೆಲಸ ವಾಸ ಅಂತ ಆಗೋದಿಲ್ವಂತೆ. ಜನವರಿಯಿಂದ ಪೂರ್ತಿ ಒಂದು ಸೆಮಿಸ್ಟರ್ ಹಾಸ್ಟೆಲ್ಲಿನಲ್ಲಿರಬೇಕು. ಜುಲೈ ಮೂವತ್ತೊಂದಕ್ಕೆ ನನ್ನ ಏಳು ವರ್ಷ ಮುಗಿಯುತ್ತೆ. ಅಷ್ಟರೊಳಗೆ ಥೀಸಿಸ್ ಕೊಡದಿದ್ರೆ ಹೆಸರು ತೆಗೀತಾರೆ. ಗಡುವು ಇನ್ನು ಮುಂದೆ ಹಾಕೋದಿಲ್ವಂತೆ."

"ಹಂಗ್ಯಾಂಗ? ನಿನ್ನ ಗೈಡು..."

"ಸರ್ ಫೋನ್ ಮಾಡಿದ್ರು. ಇಷ್ಟು ವರ್ಷ ಎಲ್ಲರಿಗೂ ನಾನೇ ಸಮಿತಿಯಲ್ಲಿ ಮಾತಾಡಿ ಒಪ್ಪಿಸ್ತಿದ್ದೆ, ಈಗ ಫೈಲಿನಲ್ಲಿ ಕಾಗದ ಬಂದು ಕೂತಿದೆ, ಯಾರು ಸಹಿ ಹಾಕ್ತಾರೆ ಅಂದ್ರು. ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ ಮಾವ? ಆರು ವರ್ಷ ನನ್ನದು. ನಿಮ್ಮದಲ್ಲ!"

"ನಿನ್ನ ಒಳ್ಳೇದಕ್ಕನ..."

"ನನ್ನ ಒಳ್ಳೇದು ಏನು ಅಂತ ನನ್ನ ಕೇಳಿದ್ರೆ ಹೇಳ್ತಿದ್ದೆ!"

ಆ ಮನೆಯಲ್ಲಿ ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ಮೇಧಾ ಹೋಂವರ್ಕ್ ಬಿಟ್ಟು ಅಜ್ಜಿಯ ಸೆರಗಿಗೆ ಬಂದು ನಿಂತಳು. ಶಂಕರಲಿಂಗ ನಿಯಮಾವಳಿಯ ಪುಸ್ತಕ ತೆಗೆದು ಪುಟ ತಿರುವಿದ, ಮತ್ತೆ ತಿರುವಿದ. ಅದರಲ್ಲಿ ಅವನ ಪರವಾಗಿ ಒಂದು ಸಾಲೂ ಸಿಗಲಿಲ್ಲ. ಅಂದು ಎಣ್ಣೆಗಾಯಿ ಮುಟ್ಟಿದವರು ಯಾರೂ ಇಲ್ಲ.

ಆಮೇಲಿನ ಹತ್ತು ದಿನ ಮನೆಯಲ್ಲಿ ಮಾತೇ ಇಲ್ಲ. ಮಾವ ಪಡಸಾಲೆಯಲ್ಲಿದ್ದರೆ ಸೊಸೆ ಬಾಲ್ಕನಿಯಲ್ಲಿ. ಕಚೇರಿಯವರು ಓದಿನ ರಜೆ ಕೊಡುತ್ತೇವೆ ಎಂದಿದ್ದರು, ತೊಡಕು ಅಲ್ಲಿರಲಿಲ್ಲ. ತೊಡಕು ಸುಭದ್ರಾಳ ಮೊಣಕಾಲು. ಎರಡು ವರ್ಷ ಕಾದು ಆಪರೇಷನ್ನಿಗೆ ಜನವರಿ ಹತ್ತೊಂಬತ್ತರ ದಿನ ಸಿಕ್ಕಿತ್ತು. ಆರು ವಾರ ಆರೈಕೆ ಬೇಕು, ಸೊಸೆ ರಜೆ ಹಾಕುತ್ತಾಳೆ ಎಂದು ಎಲ್ಲ ಮಾತಾಗಿತ್ತು. ಈಗ ಸೊಸೆಯ ಹಾಸ್ಟೆಲ್ಲು ಜನವರಿ ಐದರಿಂದ.

ಚೇತನ ಒಂದು ಭಾನುವಾರ ಹೆಂಡತಿಗೆ ಹೇಳುವುದು ಸುಭದ್ರಾಳ ಕಿವಿಗೆ ಬಿತ್ತು. "ನೌಕರಿ ಐತಿ, ಮಗಳಿದ್ದಾಳ. ಡಾಕ್ಟರೇಟ್ ಇಲ್ಲದಿದ್ರ ಏನ ಆಗ್ತೈತಿ ನಿಹಾರಿಕಾ? ಬಿಡು ಅತ್ಲಾಗ."

ಅವಳು ಜಗಳ ಮಾಡಲಿಲ್ಲ. ಅದೇ ಸುಭದ್ರಾಗೆ ಸಂಕಟ ತಂದದ್ದು.

ಮರುದಿನ ಬಟ್ಟೆ ಮಡಚುವಾಗ ಸೊಸೆಯ ಚೀಲದ ಬದಿಗೆ ಒಂದು ಫಾರಂ ಕಂಡಿತು. ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೆ ಮೇಧಾ ಓದಿ ಹೇಳಿದಳು. "ಅಜ್ಜಿ, ಇದು ಮಮ್ಮಾ ಪಿಎಚ್‌ಡಿ ಛೋಡ್ ಕೊಡೋದು. ಸೈನ್ ಇಲ್ಲ ಅಭೀ."

ಓದು ಬಿಡುವ, ಇನ್ನೂ ಸಹಿಯಾಗದ ಫಾರಂ. ಸುಭದ್ರಾ ಅದನ್ನು ಮೊದಲಿದ್ದಂತೆಯೇ ಇಟ್ಟಳು. ಸಂಜೆ ಸೊಸೆ ಬಂದೊಡನೆ, "ನನಗ ಫೆರಿ ಘಾಟಿನ ತನಕ ಟೋಟೋ ರಿಕ್ಷಾದಾಗ ಕರಕೊಂಡು ಹೋಗು" ಅಂದಳು. ಇಬ್ಬರೂ ಹೋಗಿ ಘಾಟಿನ ಮೇಲಿನ ಬೆಂಚಿನಲ್ಲಿ ಕೂತರು. ದಕ್ಷಿಣೇಶ್ವರದ ಗುಡಿಯ ಕಡೆ ದೀಪ ಹೊತ್ತಿದ್ದವು. ಸೊಸೆ ಮಣ್ಣಿನ ಭಾಂಡ್‌ನಲ್ಲಿ ಚಹಾ ತಂದಳು.

"ನಾ ಒಂದು ಕೇಳತೀನಿ. ಇನ್ನೂ ಮುಗೀಲಿಲ್ಲೇನು ಅಂತ ಕೇಳಾಕತ್ತೀನಿ ಅಂತ ತಿಳ್ಕೋಬ್ಯಾಡ. ಖರೇನ ತಿಳೀದ ಕೇಳತೀನಿ. ನಿಮ್ಮ ಮಾವ ಓದಿ ಹೇಳಿದ್ರು, ಆ ಪರೀಕ್ಷೆ, ಈ ಸೆಮಿನಾರು, ಪೇಪರು, ವಾಸ. ಇಷ್ಟಾದ್ರ ಡಾಕ್ಟರ್ ಆಗ್ತಾರೇನು?"

"ಅವೆಲ್ಲ ಸುತ್ತಲಿನ ಬೇಲಿ ಅತ್ತೆ. ಒಳಗಿರೋದು ಒಂದೇ. ಹಿಂದೆ ಯಾರಿಗೂ ಗೊತ್ತಿಲ್ಲದ್ದು ಒಂದನ್ನ ಕಂಡುಹಿಡೀಬೇಕು. ಚಿಕ್ಕದಾದರೂ ಪರವಾಗಿಲ್ಲ. ಇನ್ನೊಬ್ಬರು ಪರೀಕ್ಷೆ ಮಾಡಿದ್ರೂ ಅದು ನಿಜವಾಗಿರಬೇಕು."

"ಯಾರಿಗೂ ಅಂದ್ರ? ಈ ಊರಾಗ?"

"ಪ್ರಪಂಚದಲ್ಲೇ."

ಸುಭದ್ರಾ ಬೆರಗಾದಳು. ಇಷ್ಟು ದೊಡ್ಡ ಮಾತನ್ನು ಆ ನಲವತ್ತೆಂಟು ಪುಟದಲ್ಲಿ ಗಂಡ ಓದಿ ಹೇಳಲೇ ಇಲ್ಲವಲ್ಲ!

"ಅಂಥಾದ್ದು ನಿನಗ ಸಿಕ್ಕೈತೇನು?"

"ಸಿಕ್ಕಿದೆ."

"ಹೇಳ ಮತ್ತ, ಏನದು?"

ನಿಹಾರಿಕಾ ಅತ್ತೆಯ ಕಡೆ ತಿರುಗಿ ನೋಡಿದಳು. ತಮಾಷೆಗೆ ಕೇಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಜೆಟ್ಟಿಯ ಕಡೆ ಕೈ ತೋರಿಸಿದಳು.

"ಬಾನ್ ಬರುತ್ತಲ್ಲ ಅತ್ತೆ, ಸಮುದ್ರದ ಉಬ್ಬರ ನದಿಯೊಳಗೆ ಗೋಡೆ ಥರ ನುಗ್ಗಿ ಬರೋದು?"

"ಗೊತ್ತಿಲ್ಲೇನು! ಓಣ್ಯಾಗಿನ ಹುಡುಗರೆಲ್ಲಾ 'ಬಾನ್ ಆಶ್ಛೆ', ಬಾನ್ ಬಂತು ಅಂತ ಒದರ್ತಾವು. ಜೆಟ್ಟಿ ಮ್ಯಾಲಿನವರು ಮ್ಯಾಲೆ ಓಡಿ ಬರ್ತಾರ."

"ದೊಡ್ಡ ಅಲೆ ಹೋದ ಮೇಲೆ?"

"ಮತ್ತ ಇಳೀತಾರ. ದೊಡ್ಡದು ಹೋತಲ್ಲ."

"ಅದೇ. ಎಲ್ಲರೂ ಹಾಗೇ ಅಂದ್ಕೊಂಡಿದ್ದು. ದೊಡ್ಡ ಅಲೆಗೆ ಈ ಸರಪಳಿ ಬಿಗಿಯುತ್ತೆ, ಆದರೆ ತಡ್ಕೊಳ್ಳುತ್ತೆ. ಅದರ ಹಿಂದೆ ಸಾಲಾಗಿ ಸಣ್ಣ ಅಲೆಗಳು ಬರ್ತವೆ ನೋಡಿ, ಅವು ಜೆಟ್ಟಿ ಓಲಾಡೋ ಲಯಕ್ಕೇ ಸರಿಯಾಗಿ ಬರ್ತವೆ. ತೊಟ್ಟಿಲು ತೂಗೋ ಥರ. ಒಂದೊಂದು ಸಲವೂ ಚೂರು ಚೂರು ಜಾಸ್ತಿ. ಏಳನೇದೋ ಎಂಟನೇದೋ ಬರೋ ಹೊತ್ತಿಗೆ ಸರಪಳಿ ಮೇಲೆ ದೊಡ್ಡ ಅಲೆಯ ಎರಡರಷ್ಟು ಜಗ್ಗಾಟ. ಸರಪಳಿ ಉದ್ದ ಒಂದಿಷ್ಟು ಬದಲಿಸಿದ್ರೆ ಆ ಲಯ ತಪ್ಪುತ್ತೆ."

"ಅಯ್ಯ ನನ್ನವ್ವಾ! ಮಂದಿ ಇಳಿಯೋದು ಆವಾಗನ ಅಲ್ಲೇನ!"

"ಹೌದು ಅತ್ತೆ."

"ಇದು ಎಷ್ಟು ಮಂದಿಗೆ ಗೊತ್ತೈತಿ?"

"ನನಗೆ, ಸರ್‌ಗೆ. ಪೇಪರ್ ಓದಿದೋರು ಹತ್ತು ಮಂದಿ ಇರಬಹುದು. ನಮ್ಮ ಮನೇಲಿ ಕೇಳಿದ್ದು ನೀವೇ ಮೊದಲು." ಅಷ್ಟು ಹೇಳಿ ಮೂಗು ಒರೆಸಿಕೊಂಡಳು.

ಸುಭದ್ರಾಗೆ ನಾಚಿಕೆಯಾಯಿತು. ಆರು ವರ್ಷ ಒಂದೇ ಸೂರಿನಡಿ ರೊಟ್ಟಿ ತಿಂದು, ಒಬ್ಬರೂ ಕೇಳಿರಲಿಲ್ಲ. ಜೊತೆಗೆ ಹೇಳಲಾಗದಂಥ ಖುಷಿ ಬೇರೆ. ಪ್ರಪಂಚದಲ್ಲಿ ಹನ್ನೆರಡೋ ಹದಿಮೂರೋ ಮಂದಿಗೆ ಗೊತ್ತಿರುವ ಮಾತು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ತನಗೂ ಗೊತ್ತು!

ಮನೆಗೆ ಬಂದವಳೇ ಊಟಕ್ಕೆ ಬಡಿಸುವ ಮೊದಲೇ ಎಲ್ಲರನ್ನೂ ಕೂರಿಸಿದಳು.

"ನಿಹಾರಿಕಾ ಹಾಸ್ಟೆಲ್ಲಿಗೆ ಹೊಂಟಾಳ. ಜನವರಿ ಐದಕ್ಕ."

"ಅತ್ತೆ, ನಿಮ್ಮ ಆಪರೇಷನ್..." ನಿಹಾರಿಕಾ ಬಾಯಿ ತೆರೆದಳು.

"ಅದೂ ಆಗ್ತೈತಿ. ಹತ್ತೊಂಬತ್ತಕ್ಕ. ನಾ ತ್ಯಾಗ ಗೀಗ ಮಾಡಾಕಿ ಅಲ್ಲ, ಎರಡು ವರ್ಷ ನೋವು ತಿಂದೀನಿ. ಚೇತನ, ನಾಕು ದಿನ ರಜಾ ಹಾಕಿ ದವಾಖಾನಿ ನೋಡ್ಕೊ. ಮೇಧಾನ ಡಬ್ಬಿ, ಶಾಲೀ ಪುಲ್‌ಕಾರು ನಿಂದು."

"ಆತು. ಅಡಗಿ ಯಾರವ್ವಾ? ಆಳು ಇಡೋಣಾ?"

"ಆಳು ಯಾಕ? ನಿಮ್ಮಪ್ಪಾರು ಅದಾರಲ್ಲ."

ಶಂಕರಲಿಂಗ ತಲೆಯೆತ್ತಿದ. ಎಪ್ಪತ್ತು ವರ್ಷದ ಆಯುಷ್ಯದಲ್ಲಿ ಆತ ಒಲೆ ಹೊತ್ತಿಸಿದವನಲ್ಲ.

"ನನಗ ಬರೂದಿಲ್ಲಲ್ಲ."

"ಕಲೀರಿ. ಡಿಸೆಂಬರ್ ಪೂರ್ತಿ ಕೋರ್ಸ್‌ವರ್ಕ್. ಕಡೀ ವಾರ ಪರೀಕ್ಷೆ. ಜನವರಿಯಿಂದ ಒಂದು ಸೆಮಿಸ್ಟರ್ ಅಡಗಿಮನ್ಯಾಗ ವಾಸ. ಪತ್ರ ಬರದಾವ್ರು ನೀವು, ಹಾಸ್ಟೆಲ್ಲಿಗೆ ಹೋಗೋದು ಆಕಿ. ಇಲ್ಲಿನ ಕೆಲಸ ಯಾರದು, ನೀವ ಹೇಳ್ರಿ."

ಶಂಕರಲಿಂಗ ಮರುದಿನ ಬೆಳಿಗ್ಗೆ ಆರಕ್ಕೆ ಸ್ನಾನ ಮುಗಿಸಿ, ಒಂದು ನೋಟುಬುಕ್ಕು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ಅಯ್ಯೋ, ಆ ಡಿಸೆಂಬರಿನ ಫಜೀತಿ! "ಉಪ್ಪು ರುಚಿಗೆ ತಕ್ಕಷ್ಟು ಅಂದ್ರ ಎಷ್ಟು? ಸರಿಯಾಗಿ ಹೇಳು, ಬರ್ಕೋಬೇಕು" ಎನ್ನುತ್ತಿದ್ದ. ಜೋಳದ ಹಿಟ್ಟು ನಾದಲು ಕುದಿವ ನೀರು ಬೇಕೆಂದರೆ ಎಷ್ಟು ನಿಮಿಷ ಕುದಿದ ನೀರು ಎನ್ನುತ್ತಿದ್ದ. ತಟ್ಟಿದ ರೊಟ್ಟಿ ಕೈಗೇ ಅಂಟಿಕೊಂಡು ಬರುತ್ತಿತ್ತು. "ಅಜ್ಜಾ, ಇದು ರೊಟ್ಟಿನಾ ಪಾಪಡ್?" ಎಂದು ಮೇಧಾ ನಕ್ಕರೆ, "ತಿನ್ನು ಸುಮ್ಮನ" ಎಂದು ಗದರಿಸಿ ತಾನೇ ನಗುತ್ತಿದ್ದ. ಎರಡು ಸಲ ಬೆರಳು ಸುಟ್ಟುಕೊಂಡ. ಕಡೆಯ ವಾರದ ಪರೀಕ್ಷೆಯಲ್ಲಿ ಬೇಳೆ ತಳ ಹಿಡಿಯಿತು. ಸುಭದ್ರಾ ನಪಾಸು ಮಾಡಿ ಇನ್ನೊಂದು ಅವಕಾಶ ಕೊಟ್ಟಳು. ಎರಡನೆಯ ಸಲ ಪಾಸಾದ.

ನಿಹಾರಿಕಾ ಆ ಫಾರಂ ಹರಿದು ಹಾಕಿ ಐದಕ್ಕೆ ಹೊರಟಳು. ಮಾವನ ಜೊತೆ ಮಾತು ಬಂದಿತ್ತು, ಆದರೆ ಲೆಕ್ಕದಷ್ಟು. "ಹೋಗಿ ಬರ್ತೀನಿ ಮಾವ." "ಹೂಂ." ಅಷ್ಟೇ.

ಆಪರೇಷನ್ ಆಯಿತು. ನೋವಿಗೆ ಸುಭದ್ರಾ ಮೊದಲ ವಾರ ಅತ್ತೂ ಬಿಟ್ಟಳು. ಗಂಡ ತಟ್ಟೆ ತಂದು ಮುಂದಿಟ್ಟು, ಅವಳು ಮೊದಲ ತುತ್ತು ನುಂಗುವವರೆಗೆ ಮೇಲಧಿಕಾರಿಯ ಮುಂದೆ ನಿಂತ ಗುಮಾಸ್ತನಂತೆ ನಿಂತಿರುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದ ದಿನವೂ ಅವಳು ಛಲೋ ಆಗೈತಿ ಅಂದಳು. ಫೆಬ್ರವರಿಯಲ್ಲಿ ಮೇಧಾಗೆ ಮೂರು ದಿನ ಜ್ವರ ಬಂದಾಗ ನಿಹಾರಿಕಾ ಫೋನಿನಲ್ಲಿ, "ಬಂದುಬಿಡ್ತೀನಿ" ಎಂದು ಅತ್ತಳು. ಶಂಕರಲಿಂಗ ಫೋನ್ ತೆಗೆದುಕೊಂಡು ಗಂಟೆಗೊಂದರಂತೆ ಬರೆದಿಟ್ಟ ಜ್ವರದ ಅಂಕಿಗಳನ್ನೆಲ್ಲ ಓದಿ ಹೇಳಿದ. ಕಡೆಗೆ, "ಬರೋದು ಬಿಡೋದು ನಿನ್ನ ಇಚ್ಛಾ. ನಾ ಏನೂ ಹೇಳೂದಿಲ್ಲ" ಅಂದ. ಅವಳು ಬರಲಿಲ್ಲ. ಜ್ವರ ಇಳಿಯಿತು.

ಏಪ್ರಿಲ್ ಕೊನೆಗೆ ವಾಸ ಮುಗಿದು, ಥೀಸಿಸ್ಸಿನ ಸಾರಾಂಶ ಮಂಡಿಸುವ ಸೆಮಿನಾರು ಬಂತು. ಯಾರು ಬೇಕಾದರೂ ಹೋಗಿ ಕೇಳಬಹುದು. ಸುಭದ್ರಾ ಹೊಸ ಮೊಣಕಾಲಿನ ಮೇಲೆ ಇಪ್ಪತ್ತಾರು ಮೆಟ್ಟಿಲು ಹತ್ತಿದಳು. ಸಭಾಂಗಣದಲ್ಲಿ ನಿಹಾರಿಕಾ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಗೋಡೆಯ ಮೇಲೆ ಬಣ್ಣದ ಗೆರೆಗಳು ಏರಿ ಇಳಿಯುತ್ತಿದ್ದವು. ಭಾಷೆ ತಿಳಿಯದಿದ್ದರೂ ಎಂಟನೆಯ ಅಲೆಗೆ ಗೆರೆ ಮೇಲೇರಿದಾಗ ಸುಭದ್ರಾ, "ಇದ ನೋಡು, ಇದ" ಎಂದು ಚೇತನನ ತೊಡೆ ತಟ್ಟಿದಳು. ಅಂವ ಗೆರೆಯನ್ನೂ ನೋಡಿದ, ಹೆಂಡತಿಯನ್ನೂ ನೋಡಿದ. "ಇದನ್ನ ಮಾಡಾಕತ್ತಿದ್ಳೇನವ್ವಾ?" ಎಂದು ಮೆಲ್ಲಗೆ ಕೇಳಿದ.

ಪ್ರಶ್ನೆಗಳು ಮುಗಿದವು. ಸಭಿಕರಲ್ಲಿ ಯಾರಾದರೂ ಕೇಳುವುದಿದೆಯೇ ಎಂದರು ಅಧ್ಯಕ್ಷರು. ಹಿಂದಿನ ಸಾಲಿನಲ್ಲಿ ಶಂಕರಲಿಂಗ ಎದ್ದು ನಿಂತ. ಕೈಯಲ್ಲಿ ಕಾಗದ!

ವೇದಿಕೆಯ ಮೇಲೆ ನಿಹಾರಿಕಾಳ ಮುಖ ಬಿಳಿಚಿತು. ಮಜುಂದಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಂಕರಲಿಂಗ ಇಂಗ್ಲಿಷಿನಲ್ಲಿ ನಿಧಾನವಾಗಿ ನಾಲ್ಕು ಸಾಲು ಓದಿ, ಕಾಗದವನ್ನು ಅಧ್ಯಕ್ಷರ ಕೈಗೆ ಕೊಟ್ಟು ಬಂದು ಕೂತ. ಅಧ್ಯಕ್ಷರು ಏನೋ ಬೇಡವೆಂದರು, ಇವನು ಬೇಕೆಂದ.

"ಏನ ಅಂದ್ರವಾ ಅಜ್ಜ?" ಸುಭದ್ರಾ ಮೊಮ್ಮಗಳನ್ನು ಹಿಡಿದು ಕೇಳಿದಳು.

"ಅಜ್ಜ ಸಾರಿ ಕೇಳಿದ ಅಜ್ಜಿ. ಲೆಟರ್ ವಿಷಯ ಮಮ್ಮಾಗೆ ಪತಾ ಇರಲಿಲ್ಲ, ಮಿಸ್ಟೇಕ್ ಅಜ್ಜಂದು. ಇದು ರೆಕಾರ್ಡ್‌ನಲ್ಲಿ ಲಿಖೋ ಅಂದ."

ನಲವತ್ತೈದು ವರ್ಷದ ಸಂಸಾರದಲ್ಲಿ ಗಂಡ ತಪ್ಪು ಒಪ್ಪಿಕೊಂಡಿದ್ದನ್ನು ಸುಭದ್ರಾ ಕಂಡದ್ದು ಅದೇ ಮೊದಲು. ಅದೂ ಇಂಗ್ಲಿಷಿನಲ್ಲಿ, ಅದೂ ಊರ ಮಂದಿಯ ಮುಂದೆ.

ವಾಪಸು ರೈಲಿನಲ್ಲಿ ಐದೂ ಜನಕ್ಕೆ ಎದುರುಬದುರು ಸೀಟು ಸಿಕ್ಕಿತು. ಸಾರಾಂಶ ಒಪ್ಪಿಗೆಯಾಗಿತ್ತು. ಇನ್ನು ಜುಲೈಯೊಳಗೆ ಥೀಸಿಸ್ ಕೊಡುವುದು, ಆಮೇಲೆ ಪರೀಕ್ಷಕರು, ಆಮೇಲೆ ಕಡೆಯ ಮೌಖಿಕ. ಝಾಲ್‌ಮುಡಿ ಚುರುಮುರಿಯ ಪೊಟ್ಟಣ ಕೈಯಿಂದ ಕೈಗೆ ಹೋಯಿತು.

"ಅಲ್ಲಿ ಅಂದದ್ದನ್ನ ಕನ್ನಡದಾಗ ಅನ್ರಿ," ಅಂದಳು ಸುಭದ್ರಾ.

"ಅದು ಆಫೀಸಿನ ಮಾತು."

"ಮನೀ ಮಾತು ಐತಿ ಅದು. ಅನ್ರಿ."

ಎರಡು ಸ್ಟೇಷನ್ ಹೋದವು. ಆಮೇಲೆ ಶಂಕರಲಿಂಗ ಸೊಸೆಯ ಕಡೆ ತಿರುಗಿದ.

"ನಿನ್ನ ಕೇಳದ ಬರದೆ. ತಪ್ಪಾತವಾ."

ನಿಹಾರಿಕಾ ಮಡಿಲಲ್ಲಿದ್ದ ದಪ್ಪ ಕಟ್ಟನ್ನು ಸರಿಮಾಡಿಕೊಂಡಳು. ಥೀಸಿಸ್ಸಿನ ಕರಡು, ಇನ್ನೂರ ಹತ್ತು ಪುಟ.

"ಇದರಲ್ಲಿ ತಪ್ಪು ಬಹಳ ಇವೆ ಮಾವ. ಪುಟದ ನಂಬರು, ಚಿತ್ರದ ನಂಬರು, ಉಲ್ಲೇಖ, ಒಂದೂ ತಾಳೆ ಆಗ್ತಿಲ್ಲ. ನೋಡಿಕೊಡೋದಕ್ಕೆ ಒಬ್ಬರು ಬೇಕು."

ಶಂಕರಲಿಂಗನ ಕೈ ಕಟ್ಟಿನ ಕಡೆ ಹೊರಟಿತು. ಅರ್ಧದಲ್ಲಿ ನಿಂತಿತು. ಕೈ ಹಿಂದೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ.

"ನೀ ಹೇಳಿದ್ರ ನೋಡ್ತೀನಿ," ಅಂದ.

"ಹೇಳ್ತಾ ಇದೀನಿ, ತಗೊಳ್ಳಿ," ಅಂದಳು ನಿಹಾರಿಕಾ.